ಗಿಟಾರಿನ ಜಾಕು ಕೆಟ್ಟಾಗ

ಆಗಸ್ಟ್ 15ರ ಬೆಳಿಗ್ಗೆ ಅನೇಕ ಶಾಲೆಗಳಲ್ಲಿ ನಡೆಯುವ ಒಂದು ಸಂಗತಿಯನ್ನು ನೆನಪಿಸಿಕೊಳ್ಳಿ. ಧ್ವಜಾರೋಹಣವಾಗಿದೆ. ನಿಮ್ಮ ಗೆಳತಿ ಭಾಷಣ ಮಾಡಲು ಮೈಕಿನ ಮುಂದೆ ನಿಂತಿದ್ದಾಳೆ. ‘ಮಾನ್ಯರೇ’ ಎನ್ನುವಷ್ಟರಲ್ಲಿ ಧ್ವನಿವರ್ಧಕ ಗರ್ರ್ ಎಂದು ಸುಮ್ಮನಾಗುತ್ತದೆ. ಯಾರೋ ಓಡಿಹೋಗಿ ಆಂಪ್ಲಿಫೈಯರಿಗೆ ಚುಚ್ಚಿರುವ ಪಿನ್ನನ್ನು ಅಲ್ಲಾಡಿಸುತ್ತಾರೆ. ಮಾತು ಕೇಳಿಸುತ್ತದೆ. ಕೈ ಬಿಟ್ಟರೆ ಮತ್ತೆ ಇಲ್ಲ. ಕೊನೆಗೆ ಸಿಹಿ ಹಂಚುವವರೆಗೂ ಅವರು ಆ ಪಿನ್ನನ್ನು ಹಿಡಿದುಕೊಂಡೇ ಕೂರಬೇಕಾಗುತ್ತದೆ.

ಅಂಥದೇ ಪಿನ್ನು, ಅದು ಕೂರುವ ಅಂಥದೇ ತೂತು ಎಲೆಕ್ಟ್ರಿಕ್ ಗಿಟಾರಿನಲ್ಲೂ ಇವೆ. ತೊಂದರೆಯೂ ಅದೇ. ಕಳೆದ ವರ್ಷ ಒಂದು ವಿಜ್ಞಾನ ಮೇಳದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಸರ್, ನಮ್ಮಣ್ಣ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸ್ತಾನೆ. ವಯರ್ ಚುಚ್ಚೋ ಕಡೆ ಅಲ್ಲಾಡಿಸಿದ್ರೆ ಮಾತ್ರ ಸೌಂಡ್ ಬರುತ್ತೆ. ಅಂಗಡಿಯವ್ರು ಒಳಗಡೆ ಕಾಯಿಲ್ ಸುಟ್ಟುಹೋಗಿದೆ, ಬದಲಾಯಿಸಬೇಕು ಅಂದ್ರಂತೆ. ಅಷ್ಟು ದುಡ್ಡಿಲ್ಲ. ನಿಜವಾಗ್ಲೂ ಸುಟ್ಟಿರುತ್ತಾ ಸರ್?”

ಒಳ್ಳೆಯ ಪ್ರಶ್ನೆ. ಇದಕ್ಕೆ ಗಿಟಾರನ್ನು ಬಿಚ್ಚದೆಯೇ ಅರ್ಧ ಉತ್ತರ ಹೇಳಬಹುದು. ಅದಕ್ಕೆ ಮೊದಲು ಆ ವಾದ್ಯದಲ್ಲಿ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು.

ತಂತಿಯಿಂದ ವಿದ್ಯುತ್ತು

ಸಾಮಾನ್ಯ ಗಿಟಾರಿಗೆ ಟೊಳ್ಳಾದ ಮರದ ಪೆಟ್ಟಿಗೆ ಇರುತ್ತದೆ. ತಂತಿ ಕಂಪಿಸಿದಾಗ ಪೆಟ್ಟಿಗೆ ಮತ್ತು ಅದರೊಳಗಿನ ಗಾಳಿಯೂ ಕಂಪಿಸಿ ಸದ್ದು ದೊಡ್ಡದಾಗುತ್ತದೆ. ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹೆಚ್ಚಿನವು ಗಟ್ಟಿ ಮರದ ಹಲಗೆಗಳು. ಆಂಪ್ಲಿಫೈಯರ್ ಇಲ್ಲದೆ ಮೀಟಿದರೆ ಪಕ್ಕದಲ್ಲಿ ಕುಳಿತವರಿಗಷ್ಟೇ ಕೇಳಿಸೀತು. ಇದರ ತಂತಿಗಳು ಉಕ್ಕಿನವು. ತಂತಿಗಳ ಕೆಳಗೆ ಪಿಕಪ್ ಎಂಬ ಚಿಕ್ಕ ಭಾಗವಿದೆ. ಅದರಲ್ಲಿ ಇರುವುದು ಆಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್. ಈ ತಾಮ್ರದ ತಂತಿಯ ದಪ್ಪ ಸುಮಾರು 0.06 ಮಿಲಿಮೀಟರ್. ನಮ್ಮ ತಲೆಗೂದಲಿನಷ್ಟು, ಕೆಲವರ ಕೂದಲಿಗಿಂತ ತೆಳು! ಅದನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ.

ಆಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯನ್ನೂ ಕಾಂತವಾಗಿಸುತ್ತದೆ. ತಂತಿಯನ್ನು ಮೀಟಿದಾಗ ಅದು ಹಿಂದೆ ಮುಂದೆ ಕಂಪಿಸುತ್ತದೆ. ಜೊತೆಗೇ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಕಾಂತಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದರು. ನಿಮ್ಮ ಶಾಲೆಯ ವಿಜ್ಞಾನ ಕಿಟ್ಟಿನಲ್ಲಿ ಸುರುಳಿ, ದಂಡಕಾಂತ ಮತ್ತು ಗ್ಯಾಲ್ವನೋಮೀಟರ್ ಇದ್ದರೆ ಇದನ್ನು ನೀವೇ ನೋಡಬಹುದು. ಕಾಂತವನ್ನು ಸುರುಳಿಯೊಳಗೆ ತಳ್ಳಿ, ಮುಳ್ಳು ಒಂದು ಕಡೆಗೆ ಹೊರಳುತ್ತದೆ. ಹೊರಗೆಳೆಯಿರಿ, ಇನ್ನೊಂದು ಕಡೆಗೆ ಹೊರಳುತ್ತದೆ. ಸುಮ್ಮನೆ ಇಟ್ಟರೆ ಅಲುಗುವುದಿಲ್ಲ. ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತೂ ಅದೇ ಲಯದಲ್ಲಿ ಸೆಕೆಂಡಿಗೆ 110 ಸಲ ಆಚೀಚೆ ತೂಗುತ್ತದೆ. ಹೆಚ್ಚಿನ ಶಾಲೆಗಳಲ್ಲಿರುವ ಡೈನಮಿಕ್ ಮೈಕಿನಲ್ಲೂ ಇದೇ ತತ್ತ್ವವಿದೆ. ಅಲ್ಲಿ ತಂತಿಯ ಬದಲು ನಿಮ್ಮ ಧ್ವನಿಯಿಂದ ನಡುಗುವ ಒಂದು ತೆಳು ಪೊರೆ ಇರುತ್ತದೆ.

ಈ ತತ್ತ್ವವನ್ನು ಬಳಸಿದ ಮೊದಲ ಗಿಟಾರುಗಳು ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ತಯಾರಾದವು. ಜಾರ್ಜ್ ಬೋಶಾಂ ರೂಪಿಸಿ, ರಿಕನ್‌ಬ್ಯಾಕರ್ ಕಂಪನಿ 1932ರಿಂದ ಮಾರಿದ ಅಲ್ಯೂಮಿನಿಯಂ ಗಿಟಾರಿಗೆ ಜನ ‘ಬಾಣಲೆ’ ಎಂದು ಅಡ್ಡಹೆಸರಿಟ್ಟಿದ್ದರು. ದುಂಡು ಮೈ, ಉದ್ದ ಹಿಡಿಕೆ. ಚಿತ್ರ ನೋಡಿದರೆ ನೀವೂ ಹಾಗೆಯೇ ಕರೆಯುತ್ತೀರಿ.

ಈಗ ಹುಡುಗಿಯ ಪ್ರಶ್ನೆಗೆ ಬನ್ನಿ. ತಂತಿ ಸುಡಬೇಕಾದರೆ ಅದರಲ್ಲಿ ಹೆಚ್ಚು ವಿದ್ಯುತ್ತು ಹರಿದು ಬಿಸಿಯಾಗಬೇಕು. ಗಿಟಾರಿನ ಸುರುಳಿಗೆ ಹೊರಗಿನಿಂದ ವಿದ್ಯುತ್ತು ಬರುವುದಿಲ್ಲ. ಅದೇ ವಿದ್ಯುತ್ತನ್ನು ಹುಟ್ಟಿಸಿ ಹೊರಗೆ ಕಳಿಸುತ್ತದೆ. ಹುಟ್ಟುವುದಾದರೂ ಎಷ್ಟು? ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ. ಇದರಿಂದ ಸುರುಳಿ ಬೆಚ್ಚಗೂ ಆಗುವುದಿಲ್ಲ. ಎರಡನೆಯ ಸಾಕ್ಷಿ ಹುಡುಗಿಯ ಮಾತಿನಲ್ಲೇ ಇದೆ: ಅಲ್ಲಾಡಿಸಿದರೆ ಸದ್ದು ಬರುತ್ತದೆ. ಸುಟ್ಟುಹೋದ ಸುರುಳಿ ಪಿನ್ನು ಅಲ್ಲಾಡಿಸಿದ ಮಾತ್ರಕ್ಕೆ ಸರಿಯಾಗುವುದುಂಟೆ? ಪಿಕಪ್ಪು ಎಂದಾದರೂ ಕೆಡುವುದಿಲ್ಲ ಎಂದಲ್ಲ. ಕೂದಲಿನಂಥ ತಂತಿ ತುಂಡಾಗಬಹುದು, ತೇವದಿಂದ ಕಿಲುಬು ಹಿಡಿಯಬಹುದು. ಆದರೆ ಈ ಲಕ್ಷಣ ಬೇರೆ ಕಡೆಗೆ ಬೆರಳು ತೋರಿಸುತ್ತಿದೆ.

ಪಿನ್ನು ಮತ್ತು ಜಾಕು

ವಯರಿನ ತುದಿಯಲ್ಲಿರುವ ಲೋಹದ ಕಡ್ಡಿಯನ್ನು ಇಲ್ಲಿ ಪಿನ್ನು ಎನ್ನೋಣ, ಅದು ಕೂರುವ ತೂತನ್ನು ಜಾಕು ಎನ್ನೋಣ. ಅಂಗಡಿಗಳಲ್ಲಿ ಎರಡಕ್ಕೂ ಜಾಕು ಎಂದೇ ಹೇಳುವುದುಂಟು. ಕೊಳ್ಳಲು ಹೋದಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ಗೊಂದಲವಿಲ್ಲ.

ಪಿನ್ನಿನ ದಪ್ಪ 6.35 ಮಿಲಿಮೀಟರ್, ಅಂದರೆ ಕಾಲು ಇಂಚು. ಇದು ಸಂಗೀತಕ್ಕಾಗಿ ಹುಟ್ಟಿದ್ದಲ್ಲ. 1878ರ ಸುಮಾರಿಗೆ ಅಮೆರಿಕದಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳು ಆರಂಭವಾದವು. ಒಬ್ಬರ ಫೋನನ್ನು ಇನ್ನೊಬ್ಬರ ಫೋನಿಗೆ ಕೈಯಿಂದಲೇ ಜೋಡಿಸಬೇಕಿತ್ತು. ಸರಕ್ಕನೆ ಚುಚ್ಚಿ ಸರಕ್ಕನೆ ಕೀಳುವಂಥ ಸಾಧನಗಳು ಆಗ ಬಂದವು. ಚಾರ್ಲ್ಸ್ ಸ್ಕ್ರಿಬ್ನರ್ ಎಂಬ ಎಂಜಿನಿಯರ್ ರೂಪಿಸಿದ ಸ್ವಿಚ್ಚು ಮಡಿಸುವ ಚಾಕುವಿನಂತೆ ಕಾಣುತ್ತಿದ್ದುದರಿಂದ ಅದಕ್ಕೆ ‘ಜಾಕ್‌ನೈಫ್’ ಎಂಬ ಹೆಸರು ಬಂತು, ಉಳಿದದ್ದು ‘ಜಾಕ್’. ಆ ಬಗೆಯ ಟೆಲಿಫೋನ್ ಕೇಂದ್ರಗಳು ಮರೆಯಾದವು. ಪಿನ್ನು ಮಾತ್ರ ಗಿಟಾರಿನಲ್ಲಿ, ಮೈಕ್ ಸೆಟ್ಟಿನಲ್ಲಿ ಉಳಿದುಕೊಂಡಿತು. ರೇಡಿಯೊ ಮತ್ತು ಮೊಬೈಲ್‌ಗಳ ಇಯರ್‌ಫೋನಿನ 3.5 ಮಿಲಿಮೀಟರ್ ಪಿನ್ನು ಇದರ ಮರಿ.

ಒಂದು ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿ. ತುದಿಯಲ್ಲಿ ಈಟಿಯಂಥ ಮೊನೆ, ಅದರ ಕೆಳಗೆ ಸಣ್ಣ ಸೊಂಟ. ಆಮೇಲೆ ಒಂದು ಕಪ್ಪು ಬಳೆ. ಕೆಳಗೆ ಉದ್ದನೆಯ ಕಾಂಡ. ಕಪ್ಪು ಬಳೆ ಅವಾಹಕ. ಅದು ತುದಿಯನ್ನೂ ಕಾಂಡವನ್ನೂ ಬೇರ್ಪಡಿಸುತ್ತದೆ. ಹಾಗಾಗಿ ಕಣ್ಣಿಗೆ ಒಂದೇ ಕಡ್ಡಿಯಂತೆ ಕಂಡರೂ ಅದರಲ್ಲಿ ಎರಡು ವಾಹಕಗಳಿವೆ. ವಿದ್ಯುನ್ಮಂಡಲಕ್ಕೆ ಹೋಗುವ ದಾರಿ, ಬರುವ ದಾರಿ ಎರಡೂ ಬೇಕಲ್ಲವೆ?

ಜಾಕಿನೊಳಗೂ ಎರಡು ಭಾಗಗಳಿವೆ. ಒಂದು ಉಂಗುರ, ಅದು ಪಿನ್ನಿನ ಕಾಂಡವನ್ನು ಮುಟ್ಟುತ್ತದೆ. ಇನ್ನೊಂದು ಬಾಗಿದ ಲೋಹದ ಪಟ್ಟಿ. ಅದು ಸ್ಪ್ರಿಂಗಿನಂತೆ ಒತ್ತಿಕೊಂಡು ಪಿನ್ನಿನ ಸೊಂಟದಲ್ಲಿ ಕೂರುತ್ತದೆ. ಚುಚ್ಚಿದಾಗ ‘ಟಕ್’ ಎನ್ನುವುದು ಈ ಪಟ್ಟಿಯೇ. ಉಂಗುರಕ್ಕೊಂದು, ಪಟ್ಟಿಗೊಂದು ಕಿವಿ ಇರುತ್ತದೆ. ಆ ಕಿವಿಗಳಿಗೆ ಒಳಗಿನ ವಯರುಗಳನ್ನು ಬೆಸೆದಿರುತ್ತಾರೆ.

ಉಳಿದೆಲ್ಲ ಕಡೆ ಮಂಡಲವನ್ನು ಒಮ್ಮೆ ಬೆಸೆದರೆ ಮುಗಿಯಿತು. ಜಾಕಿನಲ್ಲಿ ಮಾತ್ರ ಅದನ್ನು ದಿನವೂ ಕೀಳುತ್ತೇವೆ, ಕೂಡಿಸುತ್ತೇವೆ. ಕಾಲು ವಯರಿಗೆ ತೊಡರಿ ಎಳೆಯುತ್ತೇವೆ. ಬೆವರು, ದೂಳು ಸೇರುತ್ತದೆ. ಪಟ್ಟಿ ಸೋತು ಸಡಿಲವಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಶತ್ರು ಹೊರಗಿನ ನಟ್ಟು. ಅದು ಸಡಿಲವಾದರೆ ಪಿನ್ನು ತಿರುಗಿಸಿದಾಗಲೆಲ್ಲ ಜಾಕೂ ತಿರುಗುತ್ತದೆ. ಒಳಗಿನ ವಯರುಗಳು ಹಗ್ಗದಂತೆ ಹುರಿಗೊಂಡು, ಕೊನೆಗೆ ಬೆಸುಗೆಯ ಬುಡದಲ್ಲೇ ತುಂಡಾಗುತ್ತವೆ.

ಎಲ್ಲಿ ಕಡಿದಿದೆ?

ರಿಪೇರಿ ಎಂದರೆ ಬೆಸುಗೆ ಹಾಕುವುದು ಎಂದು ಹಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಬೆಸುಗೆ ಕೊನೆಯ ಐದು ನಿಮಿಷದ ಕೆಲಸ. ಮುಖ್ಯವಾದದ್ದು ಕಡಿದ ಜಾಗವನ್ನು ಹುಡುಕುವುದು.

ಮೊದಲು ಕಿವಿಯಿಂದ ಹುಡುಕಿ. ತುದಿಯ ದಾರಿ ಕಡಿದಿದ್ದರೆ ಸಂಗೀತ ಹೋಗಿ ಸಣ್ಣ ಗುಂಯ್ ಸದ್ದಷ್ಟೇ ಉಳಿಯಬಹುದು. ಕಾಂಡದ ದಾರಿ ಕಡಿದಿದ್ದರೆ ಗುಂಯ್ ಎನ್ನುವುದು ಜೋರಾಗಿರುತ್ತದೆ. ಈ ಗುಂಯ್‌ಕಾರ ಎಲ್ಲಿಂದ? ಗೋಡೆಯಲ್ಲಿ ಹಾದುಹೋಗುವ ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಅದರ ಪ್ರಭಾವ ಸುತ್ತಲೂ ಇರುತ್ತದೆ. ಗಿಟಾರಿನ ವಯರಿನಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ತಾಮ್ರದ ಜಾಲರಿ ಇರುತ್ತದೆ. ಜಾಲರಿಯೇ ಕಾಂಡದ ದಾರಿ. ಅದು ಕೊಡೆಯ ಹಾಗೆ ನಡುವಿನ ತಂತಿಯನ್ನು ಈ ಪ್ರಭಾವದಿಂದ ಕಾಯುತ್ತದೆ. ಜಾಲರಿ ಕಡಿದರೆ ಕೊಡೆ ಹೋಯಿತು. ಇನ್ನು ತುದಿ ಮತ್ತು ಕಾಂಡ ಒಂದಕ್ಕೊಂದು ತಗುಲಿದ್ದರೆ? ಆಗ ಪೂರ್ತಿ ಮೌನ. ಗುಂಯ್ ಎನ್ನುವ ವಾದ್ಯಕ್ಕಿಂತ ತೆಪ್ಪಗಿರುವ ವಾದ್ಯದಲ್ಲಿ ಶಾರ್ಟ್ ಆಗಿರುವ ಸಂಭವ ಹೆಚ್ಚು ಎಂಬುದು ಸ್ವಲ್ಪ ಸೋಜಿಗದ ಮಾತೇ.

ಎರಡನೆಯದಾಗಿ, ದಾರಿಯನ್ನು ಎರಡು ಭಾಗ ಮಾಡಿ. ಸರಿಯಾಗಿರುವ ಬೇರೊಂದು ವಯರು ಹಾಕಿ ನೋಡಿ. ತೊಂದರೆ ಹೋದರೆ ತಪ್ಪು ಹಳೆಯ ವಯರಿನದು. ಹೋಗದಿದ್ದರೆ ಗಿಟಾರಿನದು ಅಥವಾ ಆಂಪ್ಲಿಫೈಯರಿನದು. ಬೇರೆ ವಯರು ಸಿಗದಿದ್ದರೆ ಇರುವುದನ್ನೇ ಪರೀಕ್ಷಿಸೋಣ. ಇದನ್ನು ನಿಮ್ಮ ತರಗತಿಯಲ್ಲೇ ಮಾಡಬಹುದು. ಎರಡು ಟಾರ್ಚ್ ಸೆಲ್ಲು, ಒಂದು ಟಾರ್ಚ್ ಬಲ್ಬು, ಮೂರು ತುಂಡು ವಯರು ಸಾಕು. ಬಲ್ಬು ಮತ್ತು ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಎರಡು ತುದಿಗಳನ್ನು ಬಿಡುವಾಗಿಡಿ. ಗಿಟಾರಿನ ವಯರನ್ನು ಎರಡೂ ಕಡೆಯಿಂದ ಕಿತ್ತು ಮೇಜಿನ ಮೇಲಿಡಿ. ಒಂದು ಪಿನ್ನಿನ ತುದಿಗೂ ಇನ್ನೊಂದು ಪಿನ್ನಿನ ತುದಿಗೂ ಬಿಡು ತುದಿಗಳನ್ನು ಮುಟ್ಟಿಸಿ. ಬಲ್ಬು ಉರಿಯಬೇಕು. ಕಾಂಡದಿಂದ ಕಾಂಡಕ್ಕೂ ಉರಿಯಬೇಕು. ತುದಿಯಿಂದ ಕಾಂಡಕ್ಕೆ ಉರಿಯಕೂಡದು. ಮುಟ್ಟಿಸಿಕೊಂಡೇ ವಯರನ್ನು ಪಿನ್ನಿನ ಬುಡದಲ್ಲಿ ಬಗ್ಗಿಸಿ ನೋಡಿ. ಬಲ್ಬು ಮಿಣುಕಿದರೆ ಕಡಿದ ಜಾಗ ಅಲ್ಲೇ. ಆಂಪ್ಲಿಫೈಯರಿನಿಂದ ಬೇರ್ಪಡಿಸಿದ ಶಾಲೆಯ ಮೈಕಿನ ವಯರನ್ನೂ ಪಿನ್ನಿನ ಬುಡದಲ್ಲಿ ಹೀಗೆ ಹುಡುಕಬಹುದು.

ವಯರು ಸರಿಯಾಗಿದೆ ಎಂದುಕೊಳ್ಳಿ. ಒಂದು ತುದಿಯನ್ನು ಗಿಟಾರಿಗೆ ಚುಚ್ಚಿ, ಇನ್ನೊಂದು ಪಿನ್ನಿನ ತುದಿ ಮತ್ತು ಕಾಂಡಕ್ಕೆ ಬಲ್ಬನ್ನು ಜೋಡಿಸಿದರೆ ಏನಾಗುತ್ತದೆ? ಬಲ್ಬು ಉರಿಯುವುದಿಲ್ಲ. ಹಾಗಾದರೆ ಸುರುಳಿ ಕಡಿದಿದೆಯೆ? ಅವಸರ ಬೇಡ, ಲೆಕ್ಕ ಮಾಡಿ. ಸಾವಿರಾರು ಸುತ್ತಿನ ತೆಳು ತಂತಿಯ ರೋಧ ಸುಮಾರು 7,000 ಓಂ. 3 ವೋಲ್ಟನ್ನು 7,000ದಿಂದ ಭಾಗಿಸಿದರೆ ಬರುವುದು ಸುಮಾರು 0.0004 ಆಂಪಿಯರ್. ಟಾರ್ಚ್ ಬಲ್ಬು ಬೆಳಗಲು ಇದರ ನೂರಾರು ಪಟ್ಟು ಬೇಕು. ಬಲ್ಬು ಉರಿಯದಿರಲು ಮಂಡಲ ಕಡಿದಿರಲೇಬೇಕೆಂದಿಲ್ಲ. ಬಹುಶಃ ಆ ಅಂಗಡಿಯಲ್ಲೂ ಇಂಥದೇ ಬಲ್ಬಿನ ಪರೀಕ್ಷೆ ಮಾಡಿ ‘ಸುಟ್ಟಿದೆ’ ಎಂದಿರಬೇಕು.

ಇಲ್ಲಿ ಬೇಕಾದದ್ದು ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುವ ಈ ಉಪಕರಣ ಪ್ರತಿ ಹಿರಿಯ ಪ್ರಾಥಮಿಕ ಶಾಲೆಯಲ್ಲೂ ಇರಬೇಕೆಂಬುದು ನನ್ನ ಬಹುದಿನದ ಆಸೆ. ಗುಂಡಿಯನ್ನು 20 ಕಿಲೋ ಓಂ ಗುರುತಿಗೆ ತಿರುಗಿಸಿ. ಗಿಟಾರಿನ ವಾಲ್ಯೂಮ್ ಪೂರ್ತಿ ಇಡಿ. ಸೊನ್ನೆಯಲ್ಲಿದ್ದರೆ ತುದಿ ಮತ್ತು ಕಾಂಡ ಒಳಗೇ ಸೇರಿಕೊಂಡು ಓದು ಸೊನ್ನೆಯ ಹತ್ತಿರ ಬರುತ್ತದೆ. ಸಾಮಾನ್ಯ ಪಿಕಪ್ಪುಗಳಲ್ಲಿ 5ರಿಂದ 15 ಕಿಲೋ ಓಂವರೆಗೆ ಯಾವುದಾದರೂ ಸಂಖ್ಯೆ ನಿಶ್ಚಲವಾಗಿ ನಿಂತರೆ ಸುರುಳಿ ಸರಿಯಾಗಿದೆ. ಪರದೆಯ ಎಡ ಮೂಲೆಯಲ್ಲಿ ಬರೀ 1 ಎಂದು ಕಂಡರೆ ದಾರಿ ಕಡಿದಿದೆ. ಈಗ ಜಾಕಿನಲ್ಲಿರುವ ಪಿನ್ನನ್ನು ಮೆಲ್ಲಗೆ ಅಲ್ಲಾಡಿಸಿ.

ಮೇಳ ಮುಗಿದ ಮಾರನೆಯ ವಾರ ಆ ಹುಡುಗಿಯ ಅಣ್ಣ ಗಿಟಾರನ್ನು ಹೊತ್ತು ಬಂದಿದ್ದ. ಮೀಟರು 6.8 ತೋರಿಸಿತು, ಪಿನ್ನು ಮುಟ್ಟಿದೊಡನೆ 1ಕ್ಕೆ ಹಾರಿತು, ಮತ್ತೆ 6.8ಕ್ಕೆ ಮರಳಿತು. ಆ ಹುಡುಗಿ ಮೀಟರನ್ನೇ ನೋಡುತ್ತ, “ಹಂಗಾದ್ರೆ ಕಾಯಿಲ್ ಸುಟ್ಟಿಲ್ಲ” ಎಂದಳು. ನಾನು ಹೇಳುವ ಮೊದಲೇ ಹೇಳಿದಳು.

ರಿಪೇರಿ

ಈ ಕೆಲಸವನ್ನು ಶಿಕ್ಷಕರು ಅಥವಾ ಮನೆಯ ಹಿರಿಯರು ಮಾಡಬೇಕು, ಮಕ್ಕಳು ಪಕ್ಕದಲ್ಲಿ ನಿಂತು ನೋಡಬೇಕು. ಆಂಪ್ಲಿಫೈಯರನ್ನು ಆಫ್ ಮಾಡಿ ವಯರನ್ನು ಪೂರ್ತಿ ಕೀಳಿ. ಜಾಕು ಕೂತಿರುವ ತಗಡಿನ ತಿರುಪುಗಳನ್ನು ಬಿಚ್ಚಿ, ಜಾಕನ್ನು ಮೆಲ್ಲಗೆ ಹೊರಗೆ ತನ್ನಿ. ವಯರುಗಳು ಗಿಡ್ಡವಿರುತ್ತವೆ, ಎಳೆಯಬೇಡಿ. ಏನನ್ನಾದರೂ ಮುಟ್ಟುವ ಮೊದಲು ಯಾವ ಬಣ್ಣದ ವಯರು ಯಾವ ಕಿವಿಗೆ ಬೆಸೆದಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಕಪ್ಪು ವಯರು ಸಾಮಾನ್ಯವಾಗಿ ಕಾಂಡದ್ದು. ಆದರೆ ಬಣ್ಣವನ್ನು ನಂಬಿ ಕೂರಬೇಡಿ, ಕಿವಿ ಉಂಗುರಕ್ಕೆ ಸೇರಿದೆಯೋ ಪಟ್ಟಿಗೆ ಸೇರಿದೆಯೋ ಎಂದು ಕಣ್ಣಿನಿಂದಲೇ ನೋಡಿ.

ಪಟ್ಟಿ ಸಡಿಲವಾಗಿದ್ದರೆ ಪಿನ್ನು ತೆಗೆದಿಟ್ಟು, ಪಟ್ಟಿಯನ್ನು ಒಂದು ಕೂದಲೆಳೆಯಷ್ಟು ಒಳಗೆ ಬಾಗಿಸಿ. ಹೆಚ್ಚು ಬಾಗಿಸಿದರೆ ಮುರಿಯುತ್ತದೆ. ಕೊಳೆಯಿದ್ದರೆ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ. ಮರಳು ಕಾಗದದಿಂದ ಉಜ್ಜುವ ಅಭ್ಯಾಸ ಒಳ್ಳೆಯದಲ್ಲ. ಮೇಲಿನ ಲೇಪ ಹೋಗಿ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ.

ಬೆಸುಗೆ ಬಿಟ್ಟಿದ್ದರೆ ವಯರಿನ ತುದಿಯನ್ನು ಐದು ಮಿಲಿಮೀಟರಿನಷ್ಟು ಸುಲಿದು, ಎಳೆಗಳನ್ನು ಹೊಸೆದು, ಕಿವಿಯ ತೂತಿನಲ್ಲಿ ಪೋಣಿಸಿ ಮಡಿಸಿ. ಬೆಸುಗೆ ಕಡ್ಡಿಯನ್ನು ಕಿವಿಗೂ ವಯರಿಗೂ ಒಟ್ಟಿಗೆ ತಾಗಿಸಿ ಎರಡು ಮೂರು ಸೆಕೆಂಡು ಕಾಯಿಸಿ, ಆಮೇಲೆ ಸೀಸವನ್ನು ಕಿವಿಗೆ ಮುಟ್ಟಿಸಿ. ಅದು ನೀರಿನಂತೆ ಹರಿದು ಹಬ್ಬಬೇಕು. ಕಡ್ಡಿ ತೆಗೆದ ಮೇಲೆ ಸೀಸ ಗಟ್ಟಿಯಾಗುವವರೆಗೆ ವಯರು ಅಲುಗಬಾರದು. ಕಿವಿ ಕಾಯದೆ ಬರೀ ಸೀಸವನ್ನು ಕರಗಿಸಿ ಮೇಲೆ ತೊಟ್ಟಿಕ್ಕಿಸಿದರೆ ಅದು ಉಂಡೆಯಾಗಿ ಮಂಕಾಗಿ ಕೂರುತ್ತದೆ. ರೇಡಿಯೊ ರಿಪೇರಿಯವರು ಇದನ್ನು ‘ಡ್ರೈ ಸಾಲ್ಡರ್’ ಎನ್ನುತ್ತಾರೆ. ಕಣ್ಣಿಗೆ ಹಿಡಿದಂತೆ ಕಂಡರೂ ಒಳಗೆ ಹಿಡಿದಿರುವುದಿಲ್ಲ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಿಡುತ್ತದೆ. ನಾವು ಸೀಸ ಎಂದು ಕರೆದರೂ ಇದು ತವರ ಮತ್ತು ಸೀಸದ ಮಿಶ್ರಲೋಹ. ಸೀಸ ವಿಷ. ಕೆಲಸ ಕಿಟಕಿಯ ಬಳಿ ನಡೆಯಲಿ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಎರಡು ವಯರುಗಳನ್ನು ಅದಲುಬದಲು ಬೆಸೆದರೆ ಏನೂ ಸುಡುವುದಿಲ್ಲ. ಆದರೆ ಗಿಟಾರು ಗುಂಯ್ ಎನ್ನುತ್ತದೆ, ತಂತಿ ಮುಟ್ಟಿದಾಗ ಆ ಸದ್ದು ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ನಟ್ಟು ಬಿಗಿಯುವಾಗ ಜಾಕನ್ನು ಒಳಗಡೆಯಿಂದ ಬೆರಳಲ್ಲಿ ಹಿಡಿದುಕೊಂಡು ಹೊರಗಿನಿಂದ ಸ್ಪ್ಯಾನರ್ ತಿರುಗಿಸಿ. ಹಲ್ಲಿರುವ ವಾಷರ್ ಇದ್ದರೆ ಅದನ್ನು ಮರೆಯದೆ ಒಳಗಡೆಗೆ ಹಾಕಿ; ಜಾಕು ತಿರುಗದಂತೆ ಕಚ್ಚಿಹಿಡಿಯುವುದೇ ಅದರ ಕೆಲಸ. ಬರೀ ಹೊರಗಿನಿಂದ ನಟ್ಟು ತಿರುಗಿಸಿದರೆ ಈಗಷ್ಟೇ ಬೆಸೆದ ವಯರು ಮತ್ತೆ ಹುರಿಗೊಳ್ಳುತ್ತದೆ. ಆ ಅಣ್ಣನ ಗಿಟಾರಿನಲ್ಲಿ ಆಗಿದ್ದೂ ಇದೇ. ಪಟ್ಟಿಯ ಕಿವಿಯಲ್ಲಿ ಮೂರೇ ಎಳೆ ತಾಮ್ರ ಉಳಿದಿತ್ತು. ವಾಷರ್ ಇರಲೇ ಇಲ್ಲ. ಹೊಸ ಬಿಡಿಭಾಗವೆಂದು ಖರ್ಚಾದದ್ದು ಒಂದು ವಾಷರಿಗೆ ಮಾತ್ರ.

ಇದನ್ನು ತಪ್ಪದೆ ಓದಿ

ಗಿಟಾರಿನ ಒಂದು ವೋಲ್ಟು ಯಾರಿಗೂ ಏನೂ ಮಾಡದು. ಆಂಪ್ಲಿಫೈಯರಿಗೆ ಬರುವುದು 230 ವೋಲ್ಟು. ಸಾಮಾನ್ಯವಾಗಿ ಗಿಟಾರಿನ ಉಕ್ಕಿನ ತಂತಿಗಳು ಜಾಕಿನ ಉಂಗುರಕ್ಕೆ ಸೇರಿರುತ್ತವೆ. ಅಲ್ಲಿಂದ ಪಿನ್ನಿನ ಕಾಂಡದ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ. ಆಂಪ್ಲಿಫೈಯರಿನಲ್ಲಿ ದೋಷವಿದ್ದು ಭೂಸಂಪರ್ಕವೂ ಇಲ್ಲದಿದ್ದರೆ ಆ ವಿದ್ಯುತ್ತು ನುಡಿಸುವವರ ಬೆರಳಿಗೇ ಬರುತ್ತದೆ. ಮೈಕಿನ ಲೋಹದ ಮೈಗೂ ಇದೇ ಮಾತು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರು ವಾದಕರು ವೇದಿಕೆಯ ಮೇಲೆ ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಭೂಸಂಪರ್ಕದ್ದು. ಎರಡು ತೂತಿನ ಸಾಕೆಟ್ಟಿಗೆ ಹೊಂದಲಿ ಎಂದು ಅದನ್ನು ಮುರಿಯುವವರಿದ್ದಾರೆ, ಪ್ಲಗ್ಗೇ ಇಲ್ಲದೆ ಬರೀ ವಯರುಗಳನ್ನು ಬೆಂಕಿಕಡ್ಡಿಯಿಂದ ಸಿಕ್ಕಿಸುವವರೂ ಇದ್ದಾರೆ. ಮಳೆಗಾಲದ ಒದ್ದೆ ನೆಲದಲ್ಲಿ ಬರಿಗಾಲಿನ ಮಗುವಿನ ಕೈಗೆ ಅಂಥ ಮೈಕನ್ನು ಕೊಡಲೇಬಾರದು. ಶಿಕ್ಷಕರು ಕಾರ್ಯಕ್ರಮಕ್ಕೆ ಮೊದಲು ಇದನ್ನು ಸ್ವತಃ ನೋಡಬೇಕು. ಗಿಟಾರನ್ನೋ ಮೈಕನ್ನೋ ಮುಟ್ಟಿದಾಗ ಜುಮ್ ಎಂದರೆ ಅದು ಜಾಕಿನ ತೊಂದರೆಯಲ್ಲ. ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ಆಮೇಲೆ ವಿದ್ಯುತ್ ಕೆಲಸ ಬಲ್ಲವರನ್ನು ಕರೆಯಿರಿ. ಆಂಪ್ಲಿಫೈಯರನ್ನು ನೀವು ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುದಾವೇಶ ಉಳಿದಿರಬಹುದು.

ಯೋಚಿಸಿ

ಕೆಲವು ಗಿಟಾರುಗಳ ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ, ಜಾಕಿನಲ್ಲಿ ಎರಡರ ಬದಲು ಮೂರು ಕಿವಿಗಳಿರುತ್ತವೆ. ಇಂಥ ಗಿಟಾರಿಗೆ ರಾತ್ರಿಯಿಡೀ ಪಿನ್ನು ಚುಚ್ಚಿಯೇ ಬಿಟ್ಟರೆ, ಆಂಪ್ಲಿಫೈಯರ್ ಆಫ್ ಆಗಿದ್ದರೂ ಬ್ಯಾಟರಿ ಸವೆಯುತ್ತದೆ. ಮೂರನೆಯ ಕಿವಿ ಏನು ಕೆಲಸ ಮಾಡುತ್ತಿರಬಹುದು? ಪಿನ್ನಿನ ಉದ್ದನೆಯ ಕಾಂಡವನ್ನು ಮತ್ತೊಮ್ಮೆ ನೋಡಿ ಚಿತ್ರ ಬರೆಯಿರಿ.

ನೈಲಾನ್ ತಂತಿಯ ಗಿಟಾರಿಗೆ ನಾವು ಮೇಲೆ ನೋಡಿದ ಬಗೆಯ ಪಿಕಪ್ಪನ್ನು ಕೂರಿಸಿದರೆ, ಜಾಕು, ವಯರು, ಆಂಪ್ಲಿಫೈಯರ್ ಎಲ್ಲವೂ ಸರಿಯಿದ್ದರೂ ಧ್ವನಿವರ್ಧಕದಲ್ಲಿ ಸಂಗೀತ ಕೇಳಿಸುವುದಿಲ್ಲ. ಏಕೆ?